ಸವಣೂರಿಗೆ ಹೋದ ಬೆಕ್ಕಿನ ಮರಿಗಳು

ಬೆಕ್ಕು ಗಬ್ಬವಾಗಿದೆಯೇ ಎಂದು ತಿಳಿಯಲು ಅದರ ಹೊಟ್ಟೆ ಒತ್ತಿ ನೋಡುವವರಿದ್ದಾರೆ. ದಡ್ಡರು. ಹೊಟ್ಟೆ ಕಾಣಿಸಿಕೊಳ್ಳುವುದು ಬಹಳ ತಡ. ನೋಡಬೇಕಾದದ್ದು ಮೊಲೆತೊಟ್ಟನ್ನು. ಗಂಡುಬೆಕ್ಕುಗಳ ಗದ್ದಲ ಅಡಗಿ ಮೂರು ವಾರವಾಗುವ ಹೊತ್ತಿಗೆ ಅವು ಕೆಂಪೇರಿ, ಸುತ್ತಲಿನ ಕೂದಲು ಸರಿದು, ಎದ್ದು ಕಾಣುತ್ತವೆ. ಅಲ್ಲಿಂದ ಮುಂದೆ ಒಂದೂವರೆ ತಿಂಗಳು ಕಾದರೆ ಮರಿ. ಹಾನಗಲ್ಲಿನ ನಮ್ಮ ಮನೆಯಲ್ಲಿ ಇದನ್ನು ಇಷ್ಟು ಮುತುವರ್ಜಿಯಿಂದ ನೋಡುತ್ತಿದ್ದವಳು ನಾನೊಬ್ಬಳೇ. ಅತ್ತೆ ಅದನ್ನು ಕಂಡು, "ನಿನ್ನ ಹೊಟ್ಟಿ ನೋಡ್ಕೊಳ್ಳವಾ ಅಂದ್ರ ಬೆಕ್ಕಿನ ಹೊಟ್ಟಿ ನೋಡಾಕತ್ತಿ" ಎಂದು ಚುಚ್ಚುತ್ತಿದ್ದರು. ನನಗೆ ಬೆಕ್ಕು ಈಯುವುದು ಯಾಕೆ ಬೇಕಾಗಿತ್ತು ಎಂದು ಅವರಿಗೆ ಹೇಳುವ ಹಾಗಿರಲಿಲ್ಲ.

ನನ್ನ ತವರು ಶಿಗ್ಗಾಂವಿ. ಮೊದಲು ನನ್ನನ್ನು ಕೊಟ್ಟಿದ್ದು ಸವಣೂರಿಗೆ, ಜೋಳದ ವ್ಯಾಪಾರದ ಮನೆಗೆ. ಮಗಳು ಮಾತು ಕಲಿಯುತ್ತಿದ್ದ ವರ್ಷ ಅವಳ ಅಪ್ಪ ಜ್ವರದಲ್ಲಿ ತೀರಿಹೋದರು. ನಮ್ಮವರಲ್ಲಿ ಉಡಿಕೆ ಇತ್ತು. ಗಂಡ ಸತ್ತವಳು ಹೊಸ ಸೀರೆ ಉಟ್ಟು ಇನ್ನೊಂದು ಮನೆ ಸೇರಬಹುದು. ಒಳ್ಳೆಯ ಪದ್ಧತಿ ಎಂದು ಈಗ ತಿಳಿದವರು ಹೊಗಳುತ್ತಾರೆ, ನಾನೂ ಅಲ್ಲಗಳೆಯುವುದಿಲ್ಲ. ಇಪ್ಪತ್ತು ತುಂಬದ ಹೆಣ್ಣು ಜೀವಮಾನವೆಲ್ಲ ಮೂಲೆ ಹಿಡಿದು ಕೂರುವುದು ತಪ್ಪಿತು. ಆದರೆ ಆ ಪದ್ಧತಿಗೆ ಒಂದು ಬಾಲವಿತ್ತು. ಹೆಂಗಸು ಹೋಗಬಹುದು, ಮೊದಲ ಗಂಡನ ಕೂಸು ಹೋಗುವಂತಿಲ್ಲ. ಅದು ಆ ಮನೆಯ ರಕ್ತ.

ಎರಡೂ ಕಡೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು, ತಟ್ಟೆಯಲ್ಲಿದ್ದ ಸವಣೂರಿನ ವೀಳ್ಯದೆಲೆ ಖಾಲಿಯಾಗುವವರೆಗೆ ಮಾತಾಡಿ ತೀರ್ಮಾನ ಮಾಡಿದರು. ಕೂಸು ಸವಣೂರಿನಲ್ಲಿ ಅಜ್ಜಿಯ ಹತ್ತಿರ ಇರತಕ್ಕದ್ದು. ನಾನು ಆ ಮನೆಯ ಹೊಸಿಲು ತುಳಿಯಬಾರದು, ಹೇಳಿಕೆ ಕೇಳಿಕೆ ಇಟ್ಟುಕೊಳ್ಳಬಾರದು, ಕೂಸಿನ ಮನಸ್ಸು ಅತ್ತ ಇತ್ತ ಆಗಬಾರದು. ನನ್ನ ಅಪ್ಪ ಹೂಂ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೊರಟ ಬೆಳಿಗ್ಗೆ ಮಗಳು ಅಜ್ಜಿಯ ಪಕ್ಕದಲ್ಲಿ ಮಲಗಿದ್ದಳು. "ಎಚ್ಚರ ಮಾಡಬ್ಯಾಡ" ಎಂದರು ಸವಣೂರಿನ ಹಿರಿಯಾಕಿ. ನನ್ನ ಮಗಳ ಅಜ್ಜಿಯನ್ನು ನಾನು ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತೇನೆ, ಹಿರಿಯಾಕಿ ಎಂದು. ಕೆಟ್ಟವರಲ್ಲ. ಮಗನನ್ನು ಕಳೆದುಕೊಂಡವರು, ಅವನ ಗುರುತು ಇದ್ದದ್ದು ಅದೊಂದೇ. ಇದೆಲ್ಲ ನನಗೆ ಈಗ ಅರ್ಥವಾಗುತ್ತದೆ. ಆಗ ಅವರ ಹೆಸರು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತಿದ್ದೆ.

ಹಾನಗಲ್ಲಿನ ಮನೆಯಲ್ಲಿ ಮನುಷ್ಯರಿಗಿಂತ ಹತ್ತಿ ಹೆಚ್ಚು. ಎರಡನೆಯ ಯಜಮಾನರು ಹಿರೇಕೆರೂರಿನ ಕಡೆ ಹಳ್ಳಿ ಹಳ್ಳಿ ತಿರುಗಿ ಹತ್ತಿ ಕೊಳ್ಳುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಮನೆಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಬೈಯುವವರಲ್ಲ, ಹೊಡೆಯುವವರಲ್ಲ, ಮಾತಾಡುವವರೂ ಅಲ್ಲ. ಊಟಕ್ಕೆ ಕುಳಿತರೆ "ಸಾಕು" ಎನ್ನುವುದೊಂದೇ ಮಾತು. ಅತ್ತೆಗೆ ಮೊಮ್ಮಗ ಬೇಕಾಗಿದ್ದ. ನನಗೆ ಬಸಿರು ಎರಡು ಸಲ ನಿಂತು ಇಳಿದುಹೋಯಿತು, ಮತ್ತೆ ನಿಲ್ಲಲಿಲ್ಲ. ಆಮೇಲೆ ಅತ್ತೆಯೂ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಇಡೀ ಮಧ್ಯಾಹ್ನ ಆ ಮನೆಯಲ್ಲಿ ಗೋಡೆಯ ಗಡಿಯಾರದ ಸದ್ದೊಂದೇ. ನಾನು ಬಾಯಿ ತೆರೆದು ಮಾತಾಡುತ್ತಿದ್ದದ್ದು ಬೆಕ್ಕಿನ ಹತ್ತಿರ. ಅದು ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಕಲಸಿದ ಹೆಣ್ಣುಬೆಕ್ಕು. ಹತ್ತಿ ಕೋಣೆಯಲ್ಲಿ ಇಲಿ ಹೆಚ್ಚೆಂದು ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಯಾರೋ ತಂದು ಬಿಟ್ಟಿದ್ದರಂತೆ. ಅದೂ ನನ್ನ ಹಾಗೆ ಹೊರಗಿನಿಂದ ಬಂದದ್ದು.

ನಾನು ಬಂದ ಮೇಲೆ ಅದು ಮೊದಲ ಸಲ ಈದದ್ದು ಹತ್ತಿ ತುಂಬಿ ಹೊಲಿದ ಅಂಡಿಗೆಗಳ ಸಂದಿಯಲ್ಲಿ. ಹಿಂದಿನ ದಿನವಿಡೀ ಜಾಗ ಹುಡುಕಿತು. ಜೋಳದ ಕಣಜದ ಹಿಂದೆ ಇಣುಕಿತು, ನನ್ನ ಪೆಟ್ಟಿಗೆಯೊಳಗೆ ಹೊಕ್ಕಿತು, ಅತ್ತೆಯ ಹಾಸಿಗೆಯ ಮೇಲೆ ಹತ್ತಿ ಬೈಸಿಕೊಂಡಿತು. ಕೊನೆಗೆ ಕತ್ತಲಾದ, ಬೆಚ್ಚಗಿನ, ಯಾರ ಕೈಯೂ ತಲುಪದ ಆ ಸಂದಿ. ನಾನು ಮೊಣಕಾಲೂರಿ ದೂರದಿಂದ ನೋಡಿದೆ. ಒಂದೊಂದು ಮರಿಯೂ ತೆಳು ಚೀಲದೊಳಗೆ ಸುತ್ತಿಕೊಂಡು ಬಂತು. ತಾಯಿ ಚೀಲ ಹರಿದು, ಮೂಗು ಬಾಯಿ ನೆಕ್ಕಿ, ಉಸಿರು ಬರುವವರೆಗೆ ಬಿಡಲಿಲ್ಲ. ಹೊಕ್ಕುಳ ಬಳ್ಳಿಯನ್ನು ತಾನೇ ಕಡಿಯಿತು, ಮಾಸನ್ನು ತಾನೇ ತಿಂದಿತು. ಹತ್ತಿಗೆ ಒಂದು ಕಲೆ ತಾಗಲಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಮರಿಗಳು ಬರೀ ವಾಸನೆಯಿಂದ ಮೊಲೆ ಹುಡುಕಿದವು. ಎರಡು ದಿನ ಕಳೆಯುವುದರೊಳಗೆ ಯಾವ ಮರಿಗೆ ಯಾವ ಮೊಲೆ ಎಂದು ಅವುಗಳಲ್ಲೇ ಹಂಚಿಕೆಯಾಗಿತ್ತು.

ಒಂದೇ ಸೂಲಿನಲ್ಲಿ ಒಂದು ಕರಿ, ಒಂದು ಕೆಂಚು, ಒಂದು ಪಟ್ಟೆಪಟ್ಟೆಯದು. ಒಂದೇ ಹೊಟ್ಟೆಯ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರುವುದು ಬೆಕ್ಕಿನಲ್ಲಿ ಸಾಮಾನ್ಯ. ಇದು ಯಾವ ಮನೆಯ ರಕ್ತ ಎಂದು ಅದಕ್ಕಾಗಿ ಯಾರೂ ಕಟ್ಟೆಯ ಮೇಲೆ ಕೂರಲಿಲ್ಲ. ಮರಿ ತಾಯಿಯದು, ಅಷ್ಟೇ. ನನಗೆ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಹುದು.

ಮರಿಗಳಿಗೆ ತಿಂಗಳು ಕಳೆಯುತ್ತಿದ್ದಂತೆ ಓಣಿಯವರು ಬಂದು ಕೇಳುತ್ತಿದ್ದರು. ನಮ್ಮ ಕಡೆ ಬೆಕ್ಕಿನ ಮರಿಯನ್ನು ಪುಕ್ಕಟೆ ಒಯ್ಯುತ್ತಿರಲಿಲ್ಲ. ಹಾಗೆ ಒಯ್ದರೆ ಮನೆಯಲ್ಲಿ ನಿಲ್ಲುವುದಿಲ್ಲ, ಇಲಿ ಹಿಡಿಯುವುದಿಲ್ಲ ಎಂದು ನಂಬಿಕೆ. ದುಡ್ಡೂ ಕೊಡುವಂತಿಲ್ಲ. ಒಂದು ಬೊಗಸೆ ಉಪ್ಪನ್ನು ಅರಿವೆಯ ತುಂಡಿನಲ್ಲಿ ಕಟ್ಟಿ ಕೊಟ್ಟು, ಮರಿಯನ್ನು ಚೀಲದೊಳಗೆ ಹಾಕಿಕೊಂಡು ಹೋಗಬೇಕು. ಚೀಲ ಯಾಕೆಂದರೆ ದಾರಿ ಕಂಡರೆ ತಿರುಗಿ ಬರುತ್ತದೆ. ನನ್ನನ್ನು ಹಾನಗಲ್ಲಿಗೆ ತಂದಾಗಲೂ ಬಂಡಿಗೆ ಪರದೆ ಕಟ್ಟಿದ್ದರು.

ಸಂತೆಯ ದಿನ ಸವಣೂರಿನಿಂದ ಎಲೆ ಮಾರಲು ಒಬ್ಬ ಸಾಬರು ಬರುತ್ತಿದ್ದರು. ಬಂಕಾಪುರದಲ್ಲಿ ಒಂದು ರಾತ್ರಿ ತಂಗಿ, ಎತ್ತಿಗೆ ಮೇವು ಹಾಕಿ, ಎಲೆಯ ಪೆಂಡಿಗೆ ನೀರು ಚಿಮುಕಿಸಿಕೊಂಡು ಬರುವವರು. ವಯಸ್ಸಾದವರು, ನಾನು ಚಾಚಾ ಎನ್ನುತ್ತಿದ್ದೆ. ಅವರ ಮನೆ ನನ್ನ ಮಗಳಿದ್ದ ಓಣಿಯ ತುದಿಗೇ ಇತ್ತು. ಕೂಸು ಹೇಗಿದೆ ಎಂದು ಕೇಳಬೇಕೆಂದು ಎಷ್ಟೋ ಸಂತೆ ಅವರ ಮುಂದೆ ನಿಂತು, ನಾಲಗೆ ಏಳದೆ, ಎಲೆ ಕೊಂಡು ಬಂದಿದ್ದೆ. ಮಾತು ಕೊಟ್ಟಾಗಿತ್ತಲ್ಲ. ಆ ದಿನ ಒಮ್ಮೆಲೇ ಬಾಯಿಗೆ ಬಂದದ್ದು ಬೇರೆಯೇ.

"ಚಾಚಾ, ಜೋಳದವರ ಮನ್ಯಾಗ ಬೆಕ್ಕ ಐತೇನ್ರಿ?"

ಅವರು ನನ್ನ ಮುಖ ನೋಡಿದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. "ಇಲ್ಲ ಬೇಟಿ. ಇಲಿ ಭಾಳ ಆಗ್ಯಾವು ಅಂತ ಹಿರಿಯಾಕಿ ಒದರ್ಯಾಡತಿರತಾರ" ಎಂದರು.

"ಹಂಗಾದ್ರ ಒಂದು ಮರಿ ಒಯ್ರಿ. ಯಾರು ಕೊಟ್ರು ಅಂತ ನೀವು ಹೇಳಬ್ಯಾಡ್ರಿ."

ಹೇಳಿಕೆ ಕಳಿಸಬಾರದು ಎಂದಿದ್ದರು ಹಿರಿಯರು. ಬೆಕ್ಕಿನ ಮರಿ ಕಳಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಕೆಂಚು ಮರಿಯನ್ನು ಆರಿಸಿದೆ, ಎಲ್ಲಕ್ಕಿಂತ ಅದಕ್ಕೆ ಧೈರ್ಯ ಹೆಚ್ಚಿತ್ತು.

ಮುಂದಿನ ಸಂತೆಗೆ ಚಾಚಾ ಉಪ್ಪು ತಂದುಕೊಟ್ಟರು. ಹಾನಗಲ್ಲಿನಿಂದ ಬಂದ ಮರಿ ಎಂದಾಗ ಹಿರಿಯಾಕಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರಂತೆ. ಆಮೇಲೆ ಒಳಗೆ ಹೋಗಿ ಉಪ್ಪು ಕಟ್ಟಿ ತಂದರಂತೆ. ಮನೆಗೆ ಬಂದು ಗಂಟು ಬಿಚ್ಚಿದೆ. ಉಪ್ಪು ಕಟ್ಟಿದ್ದ ಅರಿವೆ ಒಂದು ಸಣ್ಣ ಅಂಗಿ. ತೋಳು ಹರಿದದ್ದು, ಬಗಲು ಬಿಗಿಯಾಗಿ ಹೊಲಿಗೆ ಬಿಟ್ಟದ್ದು. ನಾನು ಹೊಲಿದ ಅಂಗಿಯಲ್ಲ, ನಾನು ಬಿಟ್ಟುಬಂದ ಮೇಲೆ ಹೊಲಿಸಿದ್ದು. ಹತ್ತಿ ಕೋಣೆಯ ಬಾಗಿಲು ಮುಂದೆ ಮಾಡಿ ಅದನ್ನು ಮೂಗಿಗೆ ಹಿಡಿದೆ. ಉಪ್ಪಿನ ಘಾಟು, ಅದರೊಳಗೆ ಹೊಗೆಯ ವಾಸನೆ, ಅದರೊಳಗೆ ಕೊಬ್ಬರಿ ಎಣ್ಣೆ. ಆ ದಿನ ನಾನು ಅಂಡಿಗೆಗೆ ಒರಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಎಷ್ಟೋ ತಿಂಗಳ ಮೇಲೆ ಬಂದ ಅಳು, ಹಾಯೆನಿಸಿತು.

ಹಿರಿಯಾಕಿ ಬೇಕೆಂದೇ ಹಾಗೆ ಕಟ್ಟಿದರೋ, ಕೈಗೆ ಸಿಕ್ಕ ಹಳೆಯ ಅರಿವೆ ಅದೊಂದೇ ಆಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮುಂದಿನ ಸೂಲಿನಲ್ಲೂ ಒಂದು ಮರಿ ಕಳಿಸಿದೆ. ಆಗಲೂ ಅಂಗಿಯೇ ಬಂತು. ಅದರ ಮುಂದಿನ ಸಲ ಸೊಂಟಕ್ಕೆ ಕಟ್ಟುವ ಪರಕಾರದ ಅರ್ಧ. ಹೀಗೆ ವರ್ಷಕ್ಕೆ ಎರಡು ಸಲ, ಬೆಕ್ಕು ಈದಾಗೊಮ್ಮೆ, ನನ್ನ ಮಗಳು ಎಷ್ಟು ಬೆಳೆದಳು ಎಂದು ನನಗೆ ತಿಳಿಯುತ್ತಿತ್ತು. ಅಂಚು ಬಿಚ್ಚಿ ಉದ್ದ ಮಾಡಿದ ಗುರುತು ಕಂಡರೆ ಎತ್ತರವಾಗುತ್ತಿದ್ದಾಳೆ ಎಂದು ಹಿಗ್ಗುತ್ತಿದ್ದೆ. ಒಮ್ಮೆ ಪರಕಾರದ ಅಂಚಿನಲ್ಲಿ ಸುಟ್ಟ ತೂತು. ಕಾಲು ಸುಟ್ಟುಕೊಂಡಳೇ? ಒಲೆಯ ಹತ್ತಿರ ಯಾರು ಬಿಟ್ಟರು? ಮುಂದಿನ ಸಂತೆಯವರೆಗೆ ನನಗೆ ಅನ್ನ ಸೇರಲಿಲ್ಲ. ಚಾಚಾ ಬಂದವರೇ ನಕ್ಕು, "ಏನೂ ಆಗಿಲ್ಲ ಬೇಟಿ. ಓಣಿ ತುಂಬ ಓಡ್ಯಾಡತಾಳ, ಹಿಡಿಯಾಕ ಸಿಗವಲ್ಲಳು" ಎಂದರು.

ಅತ್ತೆಗೆ ಈ ಉಪ್ಪಿನ ಲೆಕ್ಕ ತಿಳಿಯಲಿಲ್ಲ. ಯಜಮಾನರಿಗೆ ತಿಳಿದಿತ್ತು ಎಂದು ಕಾಣುತ್ತದೆ. ಒಮ್ಮೆ ಅಂಗಿಗಳ ಗಂಟು ಅವರ ಕೈಗೆ ಸಿಕ್ಕಿತು. ನೋಡಿದರು, ಮತ್ತೆ ಹಾಗೆಯೇ ಮಡಿಸಿ ನನ್ನ ಪೆಟ್ಟಿಗೆಯ ತಳಕ್ಕೆ ಇಟ್ಟರು.

ಈ ವ್ಯವಹಾರದಲ್ಲಿ ನಷ್ಟವೆಲ್ಲ ಬೆಕ್ಕಿನದು. ಅದು ಮರಿ ಸಾಕುವ ಪರಿ ನೋಡಬೇಕಿತ್ತು. ಮೊದಮೊದಲು ಮರಿಗಳ ಬುಡ ನೆಕ್ಕಿದರೇನೇ ಅವಕ್ಕೆ ಉಚ್ಚೆ ಬರುತ್ತದೆ, ಅದಕ್ಕೇ ದಿನವಿಡೀ ನೆಕ್ಕುತ್ತಿತ್ತು. ಗಂಡುಬೆಕ್ಕು ಗೋಡೆ ಹತ್ತಿದ್ದು ಕಂಡರೆ ಮರಿಗಳ ಕತ್ತು ಕಚ್ಚಿ ಒಂದೊಂದಾಗಿ ಬೇರೆ ಜಾಗಕ್ಕೆ ಸಾಗಿಸುತ್ತಿತ್ತು. ಮರಿ ಕಾಲು ಮಡಚಿ ಜೋತುಬಿದ್ದು ಸುಮ್ಮನಾಗುತ್ತಿತ್ತು. ಎಲ್ಲ ಸಾಗಿಸಿದ ಮೇಲೂ ಇನ್ನೊಂದು ಸಲ ಹಳೆಯ ಜಾಗಕ್ಕೆ ಬಂದು ಮೂಸಿ ನೋಡಿ ಹೋಗುತ್ತಿತ್ತು, ಯಾವುದಾದರೂ ಉಳಿಯಿತೇನೋ ಎಂದು. ಮರಿಗಳಿಗೆ ಹಲ್ಲು ಬಂದ ಮೇಲೆ ಸತ್ತ ಇಲಿ ತಂದು ಹಾಕುತ್ತಿತ್ತು. ಆಮೇಲೆ ಅರೆಜೀವದ ಇಲಿ. ಆಮೇಲೆ ಪೂರಾ ಜೀವದ ಇಲಿಯನ್ನೇ ತಂದು ಬಿಟ್ಟು, ಅದು ಓಡಿದರೆ ತಾನೇ ಅಡ್ಡ ಹಾಕಿ ಮತ್ತೆ ಮರಿಗಳ ಮುಂದೆ ತಳ್ಳುತ್ತಿತ್ತು. ತಾನು ತಿನ್ನುತ್ತಿರಲಿಲ್ಲ. ಕೊನೆಗೊಂದು ದಿನ, ಮೊಲೆಗೆ ಬಂದ ಮರಿಗೆ ಗುರ್ ಎಂದು ಒಂದು ಏಟು. ಸಾಕು, ಇನ್ನು ನೀನು ದುಡಿದು ತಿನ್ನು. ಅಷ್ಟಾದರೆ ತಾಯಿಯ ಕೆಲಸ ಮುಗಿದ ಹಾಗೆ.

ಆ ದಿನ ಬರುವವರೆಗೆ ಜನ ಎಲ್ಲಿ ಕಾಯುತ್ತಾರೆ? ಅದಕ್ಕೂ ಮೊದಲೇ ಒಯ್ಯುತ್ತಿದ್ದರು. ಮರಿ ಕಳೆದುಕೊಂಡ ತಾಯಿಬೆಕ್ಕು ಹಾಕುವ ಕೂಗು ಬೇರೆ. ಗಂಟಲಿನೊಳಗೆ ಮುರ್ರ್ ಎಂದು ಶುರುವಾಗಿ ಕೊನೆಗೆ ಮೇಲಕ್ಕೆ ಏಳುತ್ತದೆ, ಏನೋ ಕೇಳಿದ ಹಾಗೆ. ಕಣಜದ ಹಿಂದೆ ಕೇಳುತ್ತಿತ್ತು, ಪೆಟ್ಟಿಗೆಯ ಹತ್ತಿರ ಕೇಳುತ್ತಿತ್ತು, ನನ್ನ ಮುಂದೆ ಬಂದು ಮುಖ ಎತ್ತಿ ಕೇಳುತ್ತಿತ್ತು. ನಾನು ಹಾಲು ಹಾಕಿದರೆ ಮೂಸಿ ಬಿಟ್ಟುಹೋಗುತ್ತಿತ್ತು. ಆಗ ನನಗೆ ನನ್ನ ಮೇಲೇ ಜುಗುಪ್ಸೆ ಬರುತ್ತಿತ್ತು. ಆದರೂ ಸಂತೆಯ ದಿನ ಹತ್ತಿರ ಬಂದರೆ ಉಪ್ಪಿನ ಗಂಟಿಗಾಗಿ ಮೈಯೆಲ್ಲ ಕಣ್ಣಾಗುತ್ತಿತ್ತು.

ಮಹಾಯುದ್ಧ ಶುರುವಾಯಿತು. ಸೀಮೆಎಣ್ಣೆ ಸಿಗದೆ ಸಂಜೆಗೇ ಊರು ಕತ್ತಲಾಗತೊಡಗಿತು. ಒಂದು ಮಳೆಗಾಲ ಕಳೆದ ಮೇಲೆ ಚಾಚಾ ಬರುವುದು ನಿಂತಿತು. ತೀರಿಹೋದರು ಎಂದು ಬೇರೆ ಎಲೆಯವರು ಹೇಳಿದರು. ಅವರಾರಿಗೂ ನನ್ನ ಕತೆ ಗೊತ್ತಿರಲಿಲ್ಲ, ಹೇಳುವ ಮನಸ್ಸೂ ಬರಲಿಲ್ಲ. ಬೆಕ್ಕಿಗೂ ವಯಸ್ಸಾಗಿತ್ತು. ಹಲ್ಲು ಉದುರಿ, ಬೆನ್ನು ಬಾಗಿ, ಎರಡು ಬೆದೆ ಹಾಗೆಯೇ ಕಳೆದು, ಇನ್ನು ಇದು ಈಯುವುದಿಲ್ಲ ಎಂದುಕೊಂಡಿದ್ದೆ. ಆಗ ಒಂದೇ ಒಂದು ಮರಿ ಹಾಕಿತು. ತನ್ನ ಹಾಗೆಯೇ ಮೂರು ಬಣ್ಣದ ಹೆಣ್ಣುಮರಿ. ಒಂದೇ ಆದದ್ದಕ್ಕೋ ಏನೋ, ಎರಡು ತಿಂಗಳು ಕಳೆದರೂ ಮೊಲೆ ಬಿಡಿಸಲಿಲ್ಲ. ಮರಿ ತಾಯಿಯ ಅರ್ಧದಷ್ಟಾಗಿ, ಕಾಲು ಹೊರಗೆ ಚಾಚಿಕೊಂಡು ಕುಡಿಯುತ್ತಿತ್ತು. ಮುದಿ ತಾಯಿ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿತ್ತು.

ಇದೇ ಕೊನೆಯದು ಎಂದು ನನಗೆ ಗೊತ್ತಿತ್ತು. ಇದನ್ನು ಕಳಿಸದಿದ್ದರೆ ಮಗಳ ಸುದ್ದಿ ಇಲ್ಲಿಗೆ ಮುಗಿಯಿತು. ಕಳಿಸಲು ಜನವಿಲ್ಲ. ಊಟಕ್ಕೆ ಬಡಿಸುವಾಗ ಸಾಕು ಎಂದರೂ ಬಡಿಸುತ್ತಲೇ ಇದ್ದೆನೋ ಏನೋ, ಯಜಮಾನರು ತಲೆ ಎತ್ತಿ ನೋಡಿದರು. ಅಪರೂಪಕ್ಕೆ ಅವರ ಬಾಯಿಂದ ಉದ್ದನೆಯ ಮಾತು ಬಂತು.

"ನಾಡದು ಶಿಗ್ಗಾಂವಿಗೆ ಹೊಂಟೇನಿ. ನೀನೂ ಬಾ, ತವರಮನಿ ನೋಡಿದಂಗಾಗತೈತಿ. ಅಲ್ಲಿಂದ ಸವಣೂರ ಏನ ದೂರಿಲ್ಲ." ಕೈ ತೊಳೆಯಲು ಏಳುತ್ತ, "ಮರೀನೂ ತಗೋ" ಎಂದರು.

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಆ ಮನುಷ್ಯನನ್ನು ಸರಿಯಾಗಿ ನೋಡಿರಲಿಲ್ಲ ಎನಿಸಿತು.

ತವರಿನಿಂದ ಅಣ್ಣನ ಬಂಡಿಯಲ್ಲಿ ಸವಣೂರಿಗೆ ಹೋದೆ. ಹೊಸಿಲು ತುಳಿಯಬಾರದು ಎಂದಿದ್ದರಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಹಿರಿಯಾಕಿ ಬಾಗಿಲಿಗೆ ಬಂದರು. ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿದರು, ತೊಡೆಯ ಮೇಲಿನ ಚೀಲ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಒಳಗೆ ತಿರುಗಿ ಕರೆದರು. "ಬಾರವಾ ಹೊರಗ. ಹಾನಗಲ್ಲಿಂದ ಬಂದಾರ. ಬೆಕ್ಕಿನ ಮರಿ ಕಳಸ್ತಿದ್ರಲ್ಲ, ಅವ್ರು."

ಮಗಳು ಓಡಿ ಬಂದಳು. ಎಂಟು ತುಂಬಿತ್ತು. ನನ್ನ ಪೆಟ್ಟಿಗೆಯಲ್ಲಿದ್ದ ಯಾವ ಪರಕಾರವೂ ಹೇಳದಷ್ಟು ಎತ್ತರ. ಕಿವಿ ಅವಳಪ್ಪನವು, ಗದ್ದ ನನ್ನದು. ಎದ್ದು ಬಾಚಿ ತಬ್ಬಿಕೊಳ್ಳಬೇಕು ಎಂದು ತೋಳು ತಾನಾಗಿ ಏಳುತ್ತಿತ್ತು, ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನೀವ ಏನ್ರಿ!" ಎಂದು ನನ್ನ ಪಕ್ಕದಲ್ಲೇ ಕುಳಿತಳು. ಮಾತಿನ ಮಲ್ಲಿ. ಮೊದಲು ಬಂದ ಕೆಂಚು ಎಷ್ಟು ಇಲಿ ಹಿಡಿಯಿತು, ನಾಯಿಯ ಮೂಗು ಹೇಗೆ ಪರಚಿತು, ಆಮೇಲೆ ಬಂದ ಪಟ್ಟೆಯದು ಎಲ್ಲೆಲ್ಲಿ ಈದಿತು, ಎಲ್ಲ ಒಂದೇ ಉಸಿರಿಗೆ. "ಈದ ಬೆಕ್ಕಿನ ಹಂತ್ಯಾಕ ಹೋಗಬಾರದ್ರಿ, ಜಾಗಾ ಬದಲಿ ಮಾಡತೈತಿ. ನಾ ದೂರ ಕುಂತು ನೋಡತೇನಿ" ಎಂದಳು. ಯಾರು ಕಲಿಸಿದರು ಎಂದೆ. "ಯಾರೂ ಇಲ್ರಿ, ನಂಗ ಗೊತ್ತಾಗತೈತಿ" ಎಂದಳು. ಅಷ್ಟು ಹೊತ್ತು ನಾನು ಪಟ್ಟ ಸುಖವನ್ನು ಆಮೇಲೆ ಎಂದೂ ಪಡಲಿಲ್ಲ.

ಚೀಲ ಬಿಚ್ಚಿ ಮರಿಯನ್ನು ಅವಳ ಕೈಗೆ ಕೊಟ್ಟೆ. ದಾರಿಯುದ್ದಕ್ಕೂ ಕೂಗಿ ಅದರ ದನಿ ಕಟ್ಟಿಹೋಗಿತ್ತು. ಅವಳ ಎದೆಗೆ ಒತ್ತಿಕೊಂಡದ್ದೇ ಅವಳ ಕಿರುಬೆರಳು ಹಿಡಿದು ಚೀಪತೊಡಗಿತು. ಹುಡುಗಿಯ ಮುಖ ಸಣ್ಣದಾಯಿತು.

"ಇನ್ನಾ ಮೊಲಿ ಕುಡೀತೈತಲ್ರಿ ಇದು. ಇದರವ್ವ ಎಲ್ಲೈತ್ರಿ?"

"ಹಾನಗಲ್ಲಾಗ."

"ಜೀವಂತ ಐತ್ರಿ?"

"ಐತಿ."

"ಮತ್ತ ಯಾಕ ತಂದ್ರಿ?"

ಹಿರಿಯಾಕಿಯ ಕಡೆ ನೋಡಿದೆ. ಅವರು ಬಾಗಿಲ ತೋಳು ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಹುಡುಗಿ ಮರಿಯನ್ನು ಮೆಲ್ಲಗೆ ನನ್ನ ಮಡಿಲಿಗೆ ಇಟ್ಟಳು. ನನ್ನ ಸೆರಗನ್ನೇ ಎಳೆದು ಅದಕ್ಕೆ ಹೊದಿಸಿದಳು. "ನಂಗ ಬ್ಯಾಡ್ರಿ. ಇದರವ್ವ ಹುಡಕ್ಯಾಡತಿರತೈತಿ. ನಮ್ಮವ್ವ ನಾ ಸಣ್ಣಾಕಿದ್ದಾಗ ಸತ್ತಾಳ್ರಿ, ಅದಕ್ಕ ಬರಲಿಲ್ಲ. ಇದರವ್ವ ಅದಾಳಲ್ರಿ. ಒಯ್ದು ಕೊಟ್ಟುಬಿಡ್ರಿ."

ಹಿರಿಯಾಕಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋಗಿಬಿಟ್ಟರು. ಆಗ ಕಟ್ಟೆಯ ಮೇಲೆ ನಾವಿಬ್ಬರೇ. ನಾನು ಸತ್ತಿಲ್ಲ ಎಂದು ಹೇಳಲು ತಡೆಯುವವರು ಯಾರೂ ಇರಲಿಲ್ಲ. ಮಾತು ಹಲ್ಲಿನವರೆಗೆ ಬಂದಿತ್ತು. ಸತ್ತ ತಾಯಿಯ ಮೇಲೆ ಆ ಹುಡುಗಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಬದುಕಿದ್ದು ಬಾರದವಳ ಮೇಲೆ?

"ಹೂಂ ಯವ್ವಾ, ಒಯ್ದು ಕೊಡತೇನಿ" ಎಂದೆ.